ಕೀಟೋಕೊನಜೋಲ್ ಶಾಂಪೂ: ಮಳೆಗಾಲದ ತಲೆಹೊಟ್ಟಿಗೆ ಒಳ್ಳೆಯ ಮದ್ದು, ಎಲ್ಲ ತುರಿಕೆಗೂ ಅಲ್ಲ

ಕಕ್ಕಡದ (ಕೊಡಗಿನವರ ಜುಲೈ-ಆಗಸ್ಟ್ ಹೊತ್ತಿನ ತಿಂಗಳು) ಮಳೆ ಹಿಡಿದರೆ ಮಡಿಕೇರಿಯಲ್ಲಿ ಬಟ್ಟೆಯೂ ಒಣಗುವುದಿಲ್ಲ, ಕೂದಲೂ ಒಣಗುವುದಿಲ್ಲ. ಆ ದಿನಗಳಲ್ಲಿ ತಲೆ ತುರಿಕೆ ಎಂದು ಮೆಡಿಕಲ್ ಶಾಪಿಗೆ ಹೋದವರ ಕೈಗೆ ಹೆಚ್ಚಾಗಿ ಬರುವುದು ಶೇ. 2ರ ಕೀಟೋಕೊನಜೋಲ್ ಶಾಂಪೂ. ಬಾಟಲಿ ಖಾಲಿಯಾದ ಮೇಲೆ ಕೆಲವರು ಅದನ್ನು ರಾಮಬಾಣ ಅನ್ನುತ್ತಾರೆ, ಕೆಲವರು ದುಡ್ಡು ದಂಡ ಅನ್ನುತ್ತಾರೆ. ಮದ್ದು ಒಂದೇ. ಹಚ್ಚಿದ್ದು ಯಾವ ಕಾಯಿಲೆಗೆ, ತಲೆಯ ಮೇಲೆ ಎಷ್ಟು ಹೊತ್ತು ಬಿಟ್ಟಿದ್ದರು ಎಂಬುದರಲ್ಲೇ ವ್ಯತ್ಯಾಸವೆಲ್ಲ ಇದೆ.

ತಲೆಹೊಟ್ಟು ಕೊಳಕಿನಿಂದ ಬರುವುದಲ್ಲ. ಮಲಸೇಜಿಯಾ ಎಂಬ ಯೀಸ್ಟ್ ಜಾತಿಯ ಶಿಲೀಂಧ್ರ ಎಲ್ಲರ ತಲೆಯಲ್ಲೂ ಇರುತ್ತದೆ. ನೆತ್ತಿಯ ಗ್ರಂಥಿಗಳಿಂದ ಒಸರುವ ಜಿಡ್ಡೇ ಅದರ ಆಹಾರ. ಜಿಡ್ಡನ್ನು ಒಡೆದು ತನಗೆ ಬೇಕಾದ್ದನ್ನು ತೆಗೆದುಕೊಂಡ ಮೇಲೆ ಓಲಿಯಿಕ್ ಆಮ್ಲದಂಥವು ಉಳಿಯುತ್ತವೆ. ಕೆಲವರ ಚರ್ಮ ಅದನ್ನು ಸಹಿಸುವುದಿಲ್ಲ. ಕೆರಳಿ, ಸಮಯಕ್ಕೆ ಮುಂಚೆಯೇ ಪದರ ಪದರವಾಗಿ ಉದುರುತ್ತದೆ. ಅದೇ ಹೊಟ್ಟು. ಇನ್ನೂ ಜೋರಾಗಿ ಕೆಂಪಾಗಿ, ಜಿಡ್ಡು ಹಳದಿ ಹಕ್ಕಳೆ ಕಟ್ಟಿ, ಹುಬ್ಬು, ಮೂಗಿನ ಪಕ್ಕ, ಕಿವಿಯ ಹಿಂದೆಲ್ಲ ಹಬ್ಬಿದರೆ ಅದನ್ನು ವೈದ್ಯರು ಸೆಬೊರಿಕ್ ಡರ್ಮಟೈಟಿಸ್ ಅನ್ನುತ್ತಾರೆ. ಈ ಯೀಸ್ಟನ್ನು ತಲೆಯಿಂದ ಪೂರ್ತಿ ಓಡಿಸಲು ಯಾವ ಶಾಂಪೂವಿಗೂ ಆಗುವುದಿಲ್ಲ. ಹತೋಟಿಯಲ್ಲಿ ಇಡಬಹುದು, ಅಷ್ಟೇ. ‘ಬಿಟ್ಟ ತಕ್ಷಣ ಮತ್ತೆ ಬಂತು, ಮದ್ದು ಸುಳ್ಳು’ ಎಂಬ ದೂರು ಹುಟ್ಟುವುದು ಇದನ್ನು ಯಾರೂ ಹೇಳಿಕೊಡದೆ ಇರುವುದರಿಂದ.

ಕೀಟೋಕೊನಜೋಲ್ ಈ ಶಿಲೀಂಧ್ರದ ಜೀವಕೋಶದ ಹೊರಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಾಗದಂತೆ ತಡೆಯುತ್ತದೆ. ಇದೇ ಮದ್ದಿನ ಮಾತ್ರೆ ಯಕೃತ್ತಿಗೆ ಅಪಾಯ ಎಂದು 2013ರಲ್ಲಿ ಯುರೋಪ್ ಅದರ ಮಾರಾಟ ನಿಲ್ಲಿಸಲು ಹೇಳಿತು, ಅಮೆರಿಕ ಬಿಗಿಯಾದ ನಿರ್ಬಂಧ ಹಾಕಿತು. ಆ ಸುದ್ದಿ ಕೇಳಿ ಶಾಂಪೂವಿಗೂ ಹೆದರುವವರಿದ್ದಾರೆ. ತಲೆಗೆ ಹಚ್ಚಿ ತೊಳೆಯುವಾಗ ರಕ್ತಕ್ಕೆ ಸೇರುವುದು ತೀರ ಅತ್ಯಲ್ಪ. ಆ ಭಯ ಇಲ್ಲಿ ಬೇಡ. ಗರ್ಭಿಣಿಯರು, ಹಾಲುಣಿಸುವವರು, ಹನ್ನೆರಡು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಮಾತ್ರ ವೈದ್ಯರನ್ನು ಕೇಳಿಯೇ ಹಚ್ಚಬೇಕು.

ಇನ್ನು ಹಚ್ಚುವ ಕ್ರಮ. ಹೆಚ್ಚಿನವರು ಎಡವುವುದು ಇಲ್ಲಿ.

ತಲೆಯಲ್ಲಿ ಎಣ್ಣೆ ಇದ್ದರೆ ಮೊದಲು ಮಾಮೂಲಿ ಶಾಂಪೂವಿನಿಂದ ಒಮ್ಮೆ ತೊಳೆಯಿರಿ. ಜಿಡ್ಡಿನ ಮೇಲೆ ಮದ್ದಿನ ಶಾಂಪೂ ನೊರೆಯನ್ನೂ ಕೊಡುವುದಿಲ್ಲ, ಚರ್ಮಕ್ಕೂ ತಲುಪುವುದಿಲ್ಲ. ನೀರು ಉಗುರುಬೆಚ್ಚಗಿರಲಿ. ಹಂಡೆಯಲ್ಲಿ ಕುದಿದ ನೀರನ್ನು ಹೆಚ್ಚು ಬೆರಕೆ ಇಲ್ಲದೆ ಹುಯ್ದುಕೊಳ್ಳುವುದು ಚಳಿಗೆ ಹಿತ, ಆದರೆ ಹಾಗೆ ಮಾಡಿದರೆ ನೆತ್ತಿ ಒಣಗಿ ತುರಿಕೆ ಹೆಚ್ಚುತ್ತದೆ. ಆಮೇಲೆ 5ರಿಂದ 10 ಮಿ.ಲೀ. ಶಾಂಪೂ, ಅಂದರೆ ಒಂದರಿಂದ ಎರಡು ಟೀ ಚಮಚ, ಅಂಗೈಗೆ ಹಾಕಿ ಸ್ವಲ್ಪ ನೀರು ಬೆರೆಸಿ. ಕೂದಲಿಗಲ್ಲ, ನೆತ್ತಿಯ ಚರ್ಮಕ್ಕೆ ಹಚ್ಚಬೇಕು. ಹಣೆಯಿಂದ ಹಿಂಗತ್ತಿನವರೆಗೆ ಬೈತಲೆ ಬೈತಲೆಯಾಗಿ ಬಿಡಿಸುತ್ತ ಬೆರಳ ತುದಿಯಿಂದ ಉಜ್ಜಿ, ಉಗುರು ತಾಗಿಸಬೇಡಿ. ಕಿವಿಯ ಹಿಂದೆ, ಹುಬ್ಬಿಗೆ, ಮೂಗಿನ ಪಕ್ಕಕ್ಕೆ, ಗಡ್ಡ ಇದ್ದರೆ ಗಡ್ಡದ ಬುಡಕ್ಕೆ ಅದೇ ನೊರೆ ಸವರಿ. ಕಣ್ಣಿಗೆ ಬಿದ್ದರೆ ತಣ್ಣೀರಿನಲ್ಲಿ ಚೆನ್ನಾಗಿ ತೊಳೆದುಕೊಳ್ಳಿ.

ನಂತರ 3ರಿಂದ 5 ನಿಮಿಷ ಸುಮ್ಮನೆ ಬಿಡಬೇಕು. ಗಡಿಯಾರ ನೋಡಿ ಬಿಡಬೇಕು; ಅಂದಾಜಿನ ಐದು ನಿಮಿಷ ಚಳಿಯಲ್ಲಿ ಅರ್ಧ ನಿಮಿಷವೇ ಆಗಿರುತ್ತದೆ. ಮಾಮೂಲಿ ಶಾಂಪೂವಿನಂತೆ ಹಚ್ಚಿ ಕೂಡಲೇ ತೊಳೆದರೆ ಕೊಟ್ಟ ದುಡ್ಡು ಬಚ್ಚಲಿಗೆ ಹೋದಂತೆ. ಕಾಯುವ ಹೊತ್ತಿನಲ್ಲಿ ಮೈಗೆ ಸೋಪು ಹಾಕಿಕೊಳ್ಳಬಹುದು.

ವಾರಕ್ಕೆ ಎರಡು ಸಲ, ನಡುವೆ ಎರಡು ಮೂರು ದಿನ ಬಿಟ್ಟು, 2ರಿಂದ 4 ವಾರ. ಹೊಟ್ಟು ನಿಂತ ಮೇಲೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಕಾಟ ಕೊಡುವ ಹೊಟ್ಟಾದರೆ ಈ ಎರಡನೆಯ ಹಂತವನ್ನು ಮಳೆ ಬಿಡುವವರೆಗೆ ಎಳೆಯುವುದು ಜಾಣತನ. ದಿನಾ ಹಚ್ಚಿದರೆ ಬೇಗ ವಾಸಿ ಎಂಬುದು ತಪ್ಪು ಲೆಕ್ಕ. ಕೂದಲು ಒರಟಾಗಿ ನೆತ್ತಿ ಉರಿಯಲು ಶುರುವಾಗುತ್ತದೆ. ಕಂಡೀಶನರ್ ಬೇಕಿದ್ದರೆ ಕೂದಲ ತುದಿಗೆ ಮಾತ್ರ. ಬಣ್ಣ ಹಾಕಿದ ಅಥವಾ ನರೆತ ಕೂದಲು ಅಪರೂಪಕ್ಕೆ ಬಣ್ಣ ತಿರುಗುವುದೂ ಉಂಟು.

ಬಾಟಲಿಯ ಅಳತೆಯನ್ನೂ ನೋಡಿ. ಒಂದು ಸಲಕ್ಕೆ 7.5 ಮಿ.ಲೀ. ಎಂದರೆ ನಾಲ್ಕು ವಾರದ ಎಂಟು ಸ್ನಾನಕ್ಕೆ 60 ಮಿ.ಲೀ. ಬೇಕು, ಒಬ್ಬರಿಗೆ. ಮೊಣಕಾಲುದ್ದ ಜಡೆಯವರಿಗೆ ಅದೂ ಸಾಲದು. ಮನೆಯ ನಾಲ್ವರು ಒಂದೇ ಸಣ್ಣ ಬಾಟಲಿಯನ್ನು ಹಂಚಿಕೊಂಡರೆ ಯಾರಿಗೂ ಪೂರ್ತಿ ಚಿಕಿತ್ಸೆ ಆಗುವುದಿಲ್ಲ. ಕೊಳ್ಳುವಾಗ ಹೆಸರಿಗಿಂತ ಲೇಬಲ್ಲಿನ ಸಣ್ಣ ಅಕ್ಷರ ಮುಖ್ಯ: ಕೀಟೋಕೊನಜೋಲ್ ಶೇ. 2 ಎಂದಿರಬೇಕು. ಜೊತೆಗೆ ಜಿಂಕ್ ಪೈರಿಥಿಯೋನ್ ಶೇ. 1 ಸೇರಿಸಿದವೂ ಸಿಗುತ್ತವೆ, ಅವೂ ಸರಿಯೇ. ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ ನೋಡಿ. ಮದ್ದು ಮತ್ತು ಅದರ ಪ್ರಮಾಣ ಅದೇ ಆಗಿದ್ದರೆ ದುಬಾರಿ ಹೆಸರಿಗೆ ದುಡ್ಡು ಹೆಚ್ಚು ಕೊಡುವ ಕಾರಣವಿಲ್ಲ.

ಎಣ್ಣೆಯ ಮಾತು ಆಡಲೇಬೇಕು. ಹೊಟ್ಟು ಎಂದರೆ ನೆತ್ತಿ ಒಣಗಿದೆ ಎಂದು ಕೊಬ್ಬರಿ ಎಣ್ಣೆಯನ್ನು ರಾತ್ರಿಯಿಡೀ ಬಿಡುವ ರೂಢಿ ನಮ್ಮಲ್ಲಿ ಬಲವಾಗಿದೆ. ಮಲಸೇಜಿಯಾಕ್ಕೆ ತನಗೆ ಬೇಕಾದ ಕೊಬ್ಬಿನಾಮ್ಲವನ್ನು ತಾನೇ ತಯಾರಿಸಿಕೊಳ್ಳಲು ಬರುವುದಿಲ್ಲ, ಹೊರಗಿನಿಂದ ಸಿಗಬೇಕು. ರಾತ್ರಿಯಿಡೀ ಎಣ್ಣೆ, ಬೆಳಿಗ್ಗೆ ಅದರ ಮೇಲೆ ಮಂಕಿ ಟೋಪಿ ಅಥವಾ ಹೆಲ್ಮೆಟ್: ಅದಕ್ಕೆ ಇದಕ್ಕಿಂತ ಹಬ್ಬ ಬೇರೆ ಬೇಡ. ಹಕ್ಕಳೆ ದಪ್ಪವಾಗಿ ಅಂಟಿಕೊಂಡಿದ್ದರೆ ಮೆದುವಾಗಲು ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಸ್ವಲ್ಪ ಎಣ್ಣೆ ಹಚ್ಚಿ, ಚೆನ್ನಾಗಿ ತೊಳೆದು, ಆಮೇಲೆ ಮದ್ದು ಹಾಕಿ. ದಾಸವಾಳದ ಎಲೆಯ ಲೋಳೆ, ಸೀಗೆ ಹಾಕುವವರು ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಲಿ. ಎರಡನ್ನೂ ಒಂದೇ ಸ್ನಾನದಲ್ಲಿ ಬೆರೆಸಿದರೆ ಉರಿ ಬಂದಾಗ ಯಾವುದರಿಂದ ಬಂತು ಎಂದೇ ತಿಳಿಯುವುದಿಲ್ಲ. ಮಳೆಗಾಲದಲ್ಲಿ ಒದ್ದೆ ಕೂದಲನ್ನು ತುರುಬು ಕಟ್ಟಬಾರದು. ಟವೆಲಿನಿಂದ ಒತ್ತಿ ನೀರು ತೆಗೆದು, ಬುಡ ಒಣಗಿದ ಮೇಲೆಯೇ ಕಟ್ಟಿ. ಹೆಲ್ಮೆಟ್ಟಿನೊಳಗೆ ಹತ್ತಿ ಬಟ್ಟೆಯ ಟೋಪಿ ಹಾಕಿ ಅದನ್ನು ಆಗಾಗ ಒಗೆಯಿರಿ.

ಉಳಿದ ಬಾಟಲಿಗಳ ಜೊತೆ ಹೋಲಿಸಿದರೆ ಹೇಗೆ? ಅಂಗಡಿಯ ಸಾಮಾನ್ಯ ಹೊಟ್ಟಿನ ಶಾಂಪೂಗಳಲ್ಲಿ ಬಹುಕಾಲದಿಂದ ಇರುವುದು ಜಿಂಕ್ ಪೈರಿಥಿಯೋನ್. ಸಣ್ಣ ಹೊಟ್ಟಿಗೆ ಅದೇ ಸಾಕು. (ಯುರೋಪಿನಲ್ಲಿ 2022ರ ಮಾರ್ಚ್‌ನಿಂದ ಸೌಂದರ್ಯವರ್ಧಕಗಳಲ್ಲಿ ಅದನ್ನು ಬಳಸುವಂತಿಲ್ಲ.) ಸೆಲೆನಿಯಂ ಸಲ್ಫೈಡ್ ಶೇ. 2.5 ಪರಿಣಾಮದಲ್ಲಿ ಹಿಂದೆ ಬೀಳುವುದಿಲ್ಲ, ಆದರೆ ವಾಸನೆ ಕಟು, ನರೆತ ಮತ್ತು ಬಣ್ಣದ ಕೂದಲಿನ ಬಣ್ಣ ಕೆಡಿಸುತ್ತದೆ, ಒಡವೆ ತೆಗೆದಿಟ್ಟು ಹಚ್ಚಬೇಕು. ಮನೆಯ ಎಲ್ಲರೂ ಸುಲಭವಾಗಿ ಒಪ್ಪಿ ಬಳಸುವಂಥದ್ದು ಎಂಬ ದೃಷ್ಟಿಯಿಂದ ಕೀಟೋಕೊನಜೋಲೇ ಮೇಲು. ತುರಿಕೆಗೆಂದು ಸ್ಟೀರಾಯ್ಡ್ ಲೋಷನ್ ಹಚ್ಚುತ್ತಿದ್ದವರು ಶಾಂಪೂ ಸಿಕ್ಕಿತೆಂದು ಅದನ್ನು ಒಂದೇ ದಿನಕ್ಕೆ ಬಿಡಬಾರದು. ವೈದ್ಯರ ಸಲಹೆಯಂತೆ ಎರಡು ಮೂರು ವಾರದಲ್ಲಿ ಇಳಿಸುತ್ತ ಬರಬೇಕು. ಇಲ್ಲದಿದ್ದರೆ ಕೆರಳಿಕೆ ಮರುಕಳಿಸುತ್ತದೆ.

ಈ ಬಾಟಲಿಗೆ ಇನ್ನೊಂದು ಉಪಯೋಗವೂ ಉಂಟು. ಬೆನ್ನು, ಎದೆ, ಕತ್ತಿನ ಮೇಲೆ ಏಳುವ ಚಿಬ್ಬಿಗೂ ಕಾರಣ ಇದೇ ಮಲಸೇಜಿಯಾ. ದಿನಕ್ಕೊಮ್ಮೆ, ಹೆಚ್ಚೆಂದರೆ ಐದು ದಿನ, ಐದು ನಿಮಿಷ ಬಿಟ್ಟು ತೊಳೆದರೆ ಶಿಲೀಂಧ್ರ ಅಡಗುತ್ತದೆ. ಬಿಳಿ ಕಲೆ ಮಾತ್ರ ಚರ್ಮದ ಬಣ್ಣಕ್ಕೆ ತಿರುಗಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಕಲೆ ಉಳಿದಿದೆ ಎಂದು ಮತ್ತೆ ಮತ್ತೆ ಹಚ್ಚುತ್ತ ಹೋಗಬೇಕಿಲ್ಲ.

ಈಗ ಸೋಲುವ ಕಡೆ. ಅತಿ ಮುಖ್ಯವಾದದ್ದು ಮಕ್ಕಳ ತಲೆಯ ಹುಳುಕಡ್ಡಿ. ಒಂದು ಕಡೆ ಬಿಲ್ಲೆಯಷ್ಟು ಜಾಗದಲ್ಲಿ ಕೂದಲು ಬುಡದಲ್ಲೇ ಮುರಿದು ಕಪ್ಪು ಚುಕ್ಕಿಯಂತೆ ಕಾಣುತ್ತದೆ, ಸುತ್ತ ಹೊಟ್ಟು ಏಳುತ್ತದೆ, ಹಿಂಗತ್ತಿನಲ್ಲಿ ಗಂಟು ಸಿಗುತ್ತದೆ. ಮನೆಯವರು ಹೊಟ್ಟೆಂದು ತಿಳಿದು ಶಾಂಪೂ ತರುತ್ತಾರೆ. ಈ ಶಿಲೀಂಧ್ರ ಮಲಸೇಜಿಯಾ ಅಲ್ಲ. ಟ್ರೈಕೊಫೈಟಾನ್, ಮೈಕ್ರೊಸ್ಪೋರಂ ಜಾತಿಯದು, ಕೂದಲಿನ ಬುಡದೊಳಗೆ ಬೇರೂರಿರುತ್ತದೆ. ಅಲ್ಲಿಗೆ ಶಾಂಪೂ ಇಳಿಯುವುದಿಲ್ಲ. ಗ್ರಿಸಿಯೋಫಲ್ವಿನ್ ಅಥವಾ ಟೆರ್ಬಿನಾಫಿನ್ ಹೊಟ್ಟೆಗೇ ತೆಗೆದುಕೊಳ್ಳಬೇಕು, ವಾರಗಟ್ಟಲೆ, ಮಗುವಿನ ತೂಕ ನೋಡಿ ವೈದ್ಯರು ನಿಗದಿ ಮಾಡಿದ ಪ್ರಮಾಣದಲ್ಲಿ. ಗ್ರಿಸಿಯೋಫಲ್ವಿನ್ ಕೊಟ್ಟರೆ ಹಾಲು ಅಥವಾ ಕೊಬ್ಬಿನಂಶವಿರುವ ಊಟದ ಜೊತೆ ನುಂಗಿಸಿ, ಆಗ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಜೊತೆಗೆ ಶಾಂಪೂ ಹಾಕುವುದು ಇನ್ನೊಬ್ಬರಿಗೆ ಹರಡುವುದನ್ನು ಕಡಿಮೆ ಮಾಡಲು. ಬಾಚಣಿಗೆ, ಟೋಪಿ, ಟವೆಲ್ ಬೇರೆ ಇಡಿ. ಮನೆಯ ಬೆಕ್ಕು, ನಾಯಿ, ಕರುವಿನ ಮೈಯಲ್ಲಿ ರೋಮ ಉದುರಿದ ವೃತ್ತ ಇದೆಯೇ ನೋಡಿ; ಅವುಗಳಿಂದಲೂ ಇದು ಬರುತ್ತದೆ. ಕೆಲವು ಮಕ್ಕಳಲ್ಲಿ ಆ ಜಾಗ ಊದಿ, ಮೆತ್ತಗಾಗಿ, ಕೀವು ಸುರಿಯುತ್ತದೆ. ಅದು ಕೆರಿಯಾನ್. ಕುರು ಎಂದು ಕೊಯ್ಯಿಸಬಾರದು, ತಡವನ್ನೂ ಮಾಡಬಾರದು: ತಡವಾದರೆ ಗಾಯದ ಕಲೆ ಉಳಿದು ಅಲ್ಲಿ ಮತ್ತೆಂದೂ ಕೂದಲು ಬರದಿರಬಹುದು.

ಸೋರಿಯಾಸಿಸ್‌ನ ಹಕ್ಕಳೆ ದಪ್ಪ, ಬೆಳ್ಳಿಯಂತೆ ಬಿಳಿ, ಕೂದಲಿನ ಅಂಚು ದಾಟಿ ಹಣೆಗೆ ಬರುತ್ತದೆ. ಮೊಣಕೈ, ಮೊಣಕಾಲು, ಉಗುರನ್ನೂ ನೋಡಬೇಕು. ಅದಕ್ಕೆ ಕೋಲ್ ಟಾರ್, ಸ್ಯಾಲಿಸಿಲಿಕ್ ಆಮ್ಲ, ಸ್ಟೀರಾಯ್ಡ್ ಲೋಷನ್ ಬೇರೆಯೇ ಚಿಕಿತ್ಸೆ. ಕೂದಲ ಬುಡದಲ್ಲಿ ಕೀವಿನ ಗುಳ್ಳೆ ಎದ್ದರೆ ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಸೋಂಕು. ಹೇರ್ ಡೈ ಹಾಕಿದ ಒಂದೆರಡು ದಿನದಲ್ಲಿ ಕಿವಿ, ಹಣೆ ಊದಿ ನೀರು ಒಸರಿದರೆ ಡೈಯಲ್ಲಿರುವ ಪಿಪಿಡಿ (ಪ್ಯಾರಾಫೆನಿಲೀನ್‌ಡೈಅಮೈನ್) ಎಂಬ ರಾಸಾಯನಿಕಕ್ಕೆ ಅಲರ್ಜಿ. ಆ ಡೈ ಮತ್ತೆ ಮುಟ್ಟಬಾರದು.

ಹೇನಿಗೂ ಈ ಶಾಂಪೂ ಹಾಕಿ ಬೇಸರಪಡುವವರಿದ್ದಾರೆ. ಹೊಟ್ಟು ಒದರಿದರೆ ಉದುರುತ್ತದೆ, ಸೀರು ಕೂದಲಿಗೆ ಅಂಟಿಕೊಂಡು ಜಗ್ಗಿದರೂ ಬರುವುದಿಲ್ಲ. ಗುರುತಿಸಲು ಅಷ್ಟು ಸಾಕು. ಹೇನಿಗೆ ಬೇಕಾದದ್ದು ಪರ್ಮೆಥ್ರಿನ್ ಶೇ. 1: ತೊಳೆದು ಒರೆಸಿದ ಕೂದಲಿಗೆ ಹಚ್ಚಿ, 10 ನಿಮಿಷ ಬಿಟ್ಟು ತೊಳೆಯಿರಿ, ಉಳಿದ ಸೀರು ಒಡೆದು ಮರಿ ಬರುವುದರಿಂದ ಒಂಬತ್ತನೆಯ ದಿನ ಮತ್ತೊಮ್ಮೆ. ನಡುವಿನ ದಿನಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ ಒದ್ದೆ ಕೂದಲಿಗೆ ಸೀರಣಿಗೆ ಹಾಕಿ. ಸೀಮೆಎಣ್ಣೆ ಖಂಡಿತ ಬೇಡ. ಚರ್ಮ ಸುಡುತ್ತದೆ, ಬಚ್ಚಲ ಒಲೆಯ ಮುಂದೆ ಕೂತ ಮಗುವಿನ ಜೀವಕ್ಕೇ ಅಪಾಯ.

ನಾಲ್ಕು ವಾರ ಸರಿಯಾಗಿ ಹಚ್ಚಿಯೂ ಹೊಟ್ಟು ಜಗ್ಗದಿದ್ದರೆ ಎರಡನೆಯ ಬಾಟಲಿ ಕೊಳ್ಳಬೇಡಿ. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಾಗಲಿ, ಹತ್ತಿರದ ಬೇರೆ ಚರ್ಮರೋಗ ತಜ್ಞರಲ್ಲಾಗಲಿ ತೋರಿಸಿ. ಹಕ್ಕಳೆ ಅಥವಾ ಮುರಿದ ಕೂದಲನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರ ಇದೆಯೇ ಎಂದು ತಿಳಿಯುತ್ತದೆ. ಯಾವ ಶಾಂಪೂ, ಮುಲಾಮು ಎಷ್ಟು ದಿನ ಹಚ್ಚಿದಿರಿ, ಕೊನೆಗೆ ಹಚ್ಚಿದ್ದು ಯಾವಾಗ ಎಂದು ಮೊದಲೇ ಹೇಳಿ, ಸಾಧ್ಯವಾದರೆ ಖಾಲಿ ಬಾಟಲಿಯನ್ನೇ ಒಯ್ಯಿರಿ: ಮದ್ದಿನ ಶಾಂಪೂ ಹಾಕಿದ ಬೆನ್ನಿಗೇ ಮಾದರಿ ತೆಗೆದರೆ ಶಿಲೀಂಧ್ರ ಇದ್ದೂ ಕಾಣದೆ ಹೋಗಬಹುದು. ಆ ದಿನ ತಲೆಗೆ ಎಣ್ಣೆಯನ್ನೂ ಹಚ್ಚಿಕೊಂಡು ಹೋಗಬೇಡಿ.