ಎರಡೂವರೆ ವರ್ಷ ಫೋಮ್ ರೋಲರ್ ಮೇಲೆ ಹೊರಳಾಡಿದ ಮೇಲೆ

ನಾನು ದೊಡ್ಡ ಓಟಗಾರನೇನಲ್ಲ. ವಯಸ್ಸು 44. ವಾರಕ್ಕೆ ಮೂರು ದಿನ ಲಾಲ್‌ಬಾಗಿನಲ್ಲಿ ಓಡುತ್ತೇನೆ, ಎಲ್ಲ ಸೇರಿ 20 ಕಿಲೋಮೀಟರ್ ಆಗಬಹುದು. ವರ್ಷಕ್ಕೊಂದು 10ಕೆ ಓಡಿ, ಮೆಡಲ್ಲನ್ನು ಕ್ಯಾಲೆಂಡರಿನ ಮೊಳೆಗೆ ನೇತುಹಾಕುವ ಪೈಕಿ. ಆದರೆ ಕಾಲುನೋವಿನ ವಿಷಯದಲ್ಲಿ ಮಾತ್ರ ದೊಡ್ಡವರಿಗಿಂತ ಕಡಿಮೆ ಇಲ್ಲ.

ಫೋಮ್ ರೋಲರ್ ಅಂದರೆ ಬಿಗಿದ ಸ್ನಾಯು ಸಡಿಲವಾಗಲಿ ಅಂತ ಮೈಕೆಳಗೆ ಇಟ್ಟು ಉರುಳುವ ಫೋಮಿನ ಉರುಳೆ. ಅದನ್ನು ಕೊಳ್ಳಲು ಕಾರಣವಾಗಿದ್ದು ಎಡಗಾಲಿನ ಮೀನಖಂಡ. ಒಂದು ಬೆಳಿಗ್ಗೆ ಓಡುತ್ತಿರುವಾಗ ಹಿಂದಿನಿಂದ ಯಾರೋ ಕಲ್ಲು ಹೊಡೆದ ಹಾಗಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಕುಂಟುತ್ತಾ ಗೇಟಿನವರೆಗೆ ಬಂದು ಆಟೋ ಹಿಡಿದೆ. ಗೆಳೆಯನೊಬ್ಬ 'ಫೋಮ್ ರೋಲರ್ ತಗೋ, ಎಲ್ಲ ಸರಿಹೋಗುತ್ತೆ' ಅಂದ. ಆವತ್ತೇ ಆರ್ಡರ್ ಮಾಡಿದೆ. ಡಬ್ಬ ಬಿಚ್ಚಿದಾಗ ಅಮ್ಮ, 'ಏನೋ ಇದು, ಚರಂಡಿ ಪೈಪು ತಂದಿದ್ದೀಯಾ?' ಅಂದರು. ಅದರ ಹೆಸರು ಮನೆಯಲ್ಲಿ ಈಗಲೂ ಪೈಪೇ.

ಮೊದಲ ತಪ್ಪು ಎರಡನೇ ದಿನವೇ ಆಯಿತು. ಹರಿದ ಸ್ನಾಯುವಿನ ಮೇಲೆ ಮೈಭಾರ ಎಲ್ಲ ಹಾಕಿ ಉರುಳಿದೆ. ನೋವಾದಷ್ಟೂ ಒಳ್ಳೆಯದು ಎಂಬ ಭ್ರಮೆ. ಸಂಜೆಗೆ ಕಾಲು ಇನ್ನಷ್ಟು ಊದಿಕೊಂಡಿತು. ಫಿಸಿಯೋ ನೋಡಿ ತಲೆ ಚಚ್ಚಿಕೊಂಡರು. 'ಹಸಿ ಗಾಯವನ್ನು ಯಾರಾದರೂ ಲಟ್ಟಿಸ್ತಾರಾ?' ಮೂರು ವಾರ ಓಟ ಬಂದ್. ಅದರ ಜೊತೆಗೆ ಗೋಡೆ ಹಿಡಿದು ನಿಧಾನವಾಗಿ ಹಿಮ್ಮಡಿ ಎತ್ತುವ ವ್ಯಾಯಾಮ. ಪೈಪು ಮಂಚದ ಕೆಳಗೆ ಸೇರಿತು.

ಅದನ್ನು ಸರಿಯಾಗಿ ಬಳಸಲು ಕಲಿತಿದ್ದು ಆಮೇಲೆ. ಓಡಿ ಬಂದ ದಿನ ರಾತ್ರಿ ಊಟಕ್ಕೆ ಮೊದಲು ಮೀನಖಂಡ, ತೊಡೆಯ ಮುಂಭಾಗ, ಹಿಂಭಾಗ, ಒಂದೊಂದಕ್ಕೆ ಒಂದು ನಿಮಿಷ, ಅಷ್ಟೇ. ಬಿಗಿದುಕೊಂಡಿದ್ದು ಸಡಿಲವಾಗುತ್ತದೆ, ಮಾರನೇ ದಿನ ಮೆಟ್ಟಿಲು ಇಳಿಯುವಾಗ 'ಅಯ್ಯಪ್ಪಾ' ಅನ್ನುವುದು ಕಡಿಮೆಯಾಗುತ್ತದೆ. ಓಟಕ್ಕೆ ಮೊದಲು ಬಳಸಿದರೆ ಕಾಲು ಸ್ವಲ್ಪ ಹಗುರ ಅನ್ನಿಸುತ್ತದೆ, ಆದರೆ ಆ ಹಗುರ ತುಂಬಾ ಹೊತ್ತು ನಿಲ್ಲುವುದಿಲ್ಲ. ಸ್ನಾಯುವಿಗೆ ಬಲ ಬರುವುದಂತೂ ಇಲ್ಲವೇ ಇಲ್ಲ. ಇದು ಗೊತ್ತಾಗಲು ನನಗೆ ಒಂದು ವರ್ಷ ಹಿಡಿಯಿತು.

ಗೊತ್ತಾಗಿದ್ದು ಮಂಡಿಯ ಹೊರಬದಿ ನೋಯಲು ಶುರುವಾದಾಗ. ಇಳಿಜಾರಿನಲ್ಲಿ ಓಡಿದರೆ ಚಾಕು ಹಾಕಿದ ಹಾಗೆ. ಓಡುವವರು 'ಐಟಿ ಬ್ಯಾಂಡ್' ಅನ್ನುತ್ತಾರಲ್ಲ, ಅದೇ. ತೊಡೆಯ ಹೊರಬದಿಗೆ ರೋಲರ್ ಇಟ್ಟು ಎರಡು ತಿಂಗಳು ಕಣ್ಣೀರು ಹಾಕಿಕೊಂಡು ಉರುಳಿದೆ. ಏನೂ ಪ್ರಯೋಜನವಾಗಲಿಲ್ಲ. ಅದು ಸೊಂಟದಿಂದ ಮಂಡಿಯ ಕೆಳಗಿನವರೆಗೆ ಇಳಿಯುವ ದಪ್ಪ ಪಟ್ಟಿ. ಮಾಂಸಖಂಡವೇ ಅಲ್ಲ, ಉರುಳಿಸಿದರೆ ಉದ್ದವಾಗುವ ವಸ್ತುವೂ ಅಲ್ಲ. ನನಗೆ ಕೆಲಸ ಮಾಡಿದ್ದು ಪಕ್ಕಕ್ಕೆ ಮಲಗಿ ಕಾಲೆತ್ತುವ ವ್ಯಾಯಾಮ, ಮತ್ತೆ ಕೆಲವು ವಾರ ಇಳಿಜಾರು ಬಿಟ್ಟಿದ್ದು. ರೋಲರನ್ನು ಈಗ ಪೃಷ್ಠದ ಪಕ್ಕದ ಸ್ನಾಯುವಿಗೆ ಮಾತ್ರ ಹಾಕುತ್ತೇನೆ.

ಎರಡನೇ ವರ್ಷದ್ದು ಹಿಮ್ಮಡಿಯ ಮೇಲಿನ ಸ್ನಾಯುರಜ್ಜು, ಅಂದರೆ ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಅಕಿಲಿಸ್. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹತ್ತು ಹೆಜ್ಜೆ ಮುದುಕನ ಹಾಗೆ. ಇಲ್ಲಿ ರೋಲರ್ ಪೂರ್ತಿ ಫೇಲ್. ಕೈ ಹಿಡಿದಿದ್ದು ಮನೆಯ ಮೆಟ್ಟಿಲು. ಸ್ವೀಡನ್ನಿನ ಹೋಕನ್ ಆಲ್ಫ್ರೆಡ್‌ಸನ್ ಎಂಬ ಮೂಳೆ ಡಾಕ್ಟರು 1998ರಲ್ಲಿ ಪ್ರಕಟಿಸಿದ ಕ್ರಮ ಇದು. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸಬೇಕು. ಮಂಡಿ ನೆಟ್ಟಗಿಟ್ಟು 15ರಂತೆ ಮೂರು ಸಲ, ಮಂಡಿ ಸ್ವಲ್ಪ ಮಡಚಿ ಮತ್ತೆ ಮೂರು ಸಲ. ದಿನಕ್ಕೆರಡು ಬಾರಿ, 12 ವಾರ. ದಿನಕ್ಕೆ 180 ಆಯಿತು ನೋಡಿ. ಆ ಡಾಕ್ಟರ ಕಾಲೇ ನೋಯುತ್ತಿತ್ತಂತೆ, ಆಪರೇಷನ್‌ಗೆ ಮೇಲಿನವರು ಒಪ್ಪಲಿಲ್ಲವಂತೆ. ಹಾಗಾದರೆ ಪೂರ್ತಿ ಕೆಡಿಸಿಕೊಂಡೇ ಬರುತ್ತೇನೆ ಅಂತ ಹಟಕ್ಕೆ ಬಿದ್ದು ಈ ವ್ಯಾಯಾಮ ಮಾಡಿದರೆ ನೋವೇ ಹೋಯಿತಂತೆ! ನಾನು ದಿನಕ್ಕೆ 180 ಮುಟ್ಟಿದ್ದು ಅಪರೂಪ, ಸುಳ್ಳು ಹೇಳುವುದಿಲ್ಲ. ಆದರೂ ಮೂರನೇ ತಿಂಗಳ ಹೊತ್ತಿಗೆ ಬೆಳಗಿನ ಕುಂಟು ನಿಂತಿತು. ಖರ್ಚು ಸೊನ್ನೆ.

ಮೊಣಕಾಲಿನ ಕೆಳಗೆ ಮುಂಭಾಗದ ಎಲುಬಿನ ಮೇಲೆ ಮಾತ್ರ ರೋಲರ್ ಇಡಲೇಬೇಡಿ. ಅಲ್ಲಿ ಉದ್ದಕ್ಕೂ ಹರಡಿದ ನೋವು ಬೇರೆ, ಒಂದೇ ಬೆರಳಿನಲ್ಲಿ ತೋರಿಸುವಂಥ ನೋವು ಬೇರೆ. ನಮ್ಮ ಗುಂಪಿನ ಒಬ್ಬರು ಎರಡನೆಯದನ್ನು ಉಜ್ಜಿ ಉಜ್ಜಿ ವಾಸಿ ಮಾಡಲು ಹೋದರು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ರಾತ್ರಿ ಮಲಗಿದಾಗಲೂ ನೋವು ಬಂದಾಗ ಎಂಆರ್‌ಐ ಮಾಡಿಸಿದರು. ಎಲುಬಿನಲ್ಲಿ ಕೂದಲೆಳೆಯ ಬಿರುಕಿತ್ತು.

ಇನ್ನು ವಸ್ತುವಿನ ಬಗ್ಗೆ. ನಾನು ಮೊದಲು ಕೊಂಡಿದ್ದು ಅಗ್ಗದ, ಒಳಗೆಲ್ಲ ಬರೀ ಫೋಮ್ ಇರುವುದು. ನಾಲ್ಕೇ ತಿಂಗಳಿಗೆ ನಡುವೆ ತಗ್ಗು ಬಿದ್ದು ಬಾಳೆಹಣ್ಣಿನ ಆಕಾರಕ್ಕೆ ಬಂತು. ಮಾರಿದವರಿಗೆ ಬರೆದೆ, ಉತ್ತರವಿಲ್ಲ. ಆಮೇಲೆ ತಂದಿದ್ದು ಒಳಗೆ ಗಟ್ಟಿ ಪ್ಲಾಸ್ಟಿಕ್ ಕೊಳವೆ, ಹೊರಗೆ ಇವಿಎ ಎಂಬ ಬಗೆಯ ಫೋಮ್ ಇರುವ 33 ಸೆಂಟಿಮೀಟರಿನದು. ನನ್ನ 76 ಕೆಜಿ ಹೊತ್ತೂ ಇವತ್ತಿಗೂ ಆಕಾರ ಕೆಟ್ಟಿಲ್ಲ. ಮಗ ಅದನ್ನೇ ವಿಕೆಟ್ ಮಾಡಿಕೊಂಡು ನಡುಮನೆಯಲ್ಲಿ ಕ್ರಿಕೆಟ್ ಆಡುತ್ತಾನೆ, ಅದಕ್ಕೂ ಜಗ್ಗಿಲ್ಲ. ಗೆರೆಗಳ ಸಂದಿನಲ್ಲಿ ಧೂಳು, ಬೆವರು ಸೇರಿ ವಾಸನೆ ಬರುತ್ತದೆ, ತಿಂಗಳಿಗೊಮ್ಮೆ ಸೋಪಿನ ನೀರಿನಲ್ಲಿ ಒರೆಸಬೇಕು. ಎರಡೂ ಕಾಲು ಒಟ್ಟಿಗೆ ಇಡಲು 33 ಸೆಂಟಿಮೀಟರ್ ಸಾಲದು. ಈಗ ಕೊಳ್ಳುವುದಾದರೆ 45ರದ್ದನ್ನೇ ಕೊಳ್ಳುತ್ತೇನೆ. ಮುಳ್ಳುಮುಳ್ಳಾಗಿರುವುದು ಬೇಡ, ಸುಮ್ನೆ ಚರ್ಮ ಕಂದುತ್ತದೆ.

ಐದಕ್ಕೆ ಮೂರೂವರೆ ಸ್ಟಾರ್. ಬರೀ ಮೀನಖಂಡಕ್ಕೆ ಬೇಕಿದ್ದರೆ ಇನ್ನೂ ಕೊಳ್ಳಬೇಡಿ. ಅಡುಗೆಮನೆಯ ಹಳೇ ಲಟ್ಟಣಿಗೆ ಒಂದು ವಾರ ಕೇಳಿ ನೋಡಿ. ಆದರೆ ಅದು ಮತ್ತೆ ಚಪಾತಿಗೆ ಹೋಗುವಂತಿಲ್ಲ, ಅದನ್ನು ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ.