ಮದುವೆಗೆ ಮುಂಚೆ ‘ಸ್ಮೈಲ್ ಡಿಸೈನ್’ ಮಾಡಿಸಿಕೊಳ್ಳುವವರು ಓದಿ: ನನ್ನ ತಂಗಿಯ ಗಟ್ಟಿ ಹಲ್ಲುಗಳಿಗೆ ಆದದ್ದು

ಹಲ್ಲಿನ ಅಂದಕ್ಕೆಂದು ಕ್ಲಿನಿಕ್ಕಿಗೆ ಹೋಗುವವರು ಕುರ್ಚಿ ಮೇಲೆ ಒರಗುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: “ನನ್ನ ಹಲ್ಲನ್ನ ಎಷ್ಟು ತೇಯ್ತೀರ ಡಾಕ್ಟ್ರೇ?” ನನ್ನ ತಂಗಿ ಕೇಳಿದ್ದಳು. ಅವಳಿಗೆ ನೇರವಾದ ಉತ್ತರ ಸಿಗಲಿಲ್ಲ. ಇವತ್ತು ಅವಳ ಮೇಲ್ಸಾಲಿನ ಮುಂದಿನ ಹತ್ತು ಹಲ್ಲಿಗೂ ಕ್ಯಾಪ್ ಇದೆ. ಆ ಹತ್ತರಲ್ಲಿ ಒಂದಕ್ಕೂ ಹುಳುಕು ಹತ್ತಿರಲಿಲ್ಲ, ಒಂದೂ ಮುರಿದಿರಲಿಲ್ಲ. ಬಣ್ಣ ಕೆಟ್ಟಿತ್ತು, ಅಷ್ಟೇ.

ನಮ್ಮದು ಪಾವಗಡ ತಾಲ್ಲೂಕು. ಅಲ್ಲಿನ ಬೋರ್‌ವೆಲ್ ನೀರಿನ ವಿಷಯ ಆ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕುಡಿಯುವ ನೀರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ನಡೆಯುತ್ತದೆ ಅನ್ನುವುದು ನಮ್ಮ ದೇಶದ ಮಾನದಂಡ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಎಷ್ಟೋ ಕೊಳವೆಬಾವಿಗಳಲ್ಲಿ ಅದಕ್ಕಿಂತ ಹೆಚ್ಚಿದೆ. ಮಕ್ಕಳಿಗೆ ಏಳೆಂಟು ವರ್ಷ ಆಗುವುದರೊಳಗೆ, ಮುಂದಿನ ಶಾಶ್ವತ ಹಲ್ಲುಗಳು ದವಡೆಯೊಳಗೇ ರೂಪುಗೊಳ್ಳುತ್ತಿರುವಾಗ, ಆ ನೀರು ಕುಡಿದರೆ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಕೆಡುತ್ತದೆ. ಹಲ್ಲು ಹುಟ್ಟುವಾಗಲೇ ಸುಣ್ಣದ ಗೆರೆ, ಕಂದು ಕಲೆ. ನಮ್ಮ ಊರಿನ ಶಾಲೆಯ ಗ್ರೂಪ್ ಫೋಟೊಗಳನ್ನು ನೋಡಿದರೆ ಅರ್ಧಕ್ಕರ್ಧ ಮಕ್ಕಳು ತುಟಿ ಬಿಗಿಹಿಡಿದುಕೊಂಡು ನಿಂತಿರುತ್ತಾರೆ. ನನಗೂ ಆ ಕಲೆ ಇದೆ. ತಂಗಿಗೆ ಇನ್ನೂ ಜಾಸ್ತಿ ಇತ್ತು.

ಅವಳಿಗೆ ಮದುವೆ ನಿಶ್ಚಯವಾಯಿತು. ಆರತಕ್ಷತೆಯ ಫೋಟೊದಲ್ಲಾದರೂ ಬಾಯಿತುಂಬ ನಗಬೇಕು ಅನ್ನೋದು ಅವಳ ಆಸೆ. ಅದರಲ್ಲಿ ತಪ್ಪೇನೂ ಇಲ್ಲ. ಬೆಂಗಳೂರಿನ ಒಂದು ಕ್ಲಿನಿಕ್ಕಿನ ರೀಲ್ಸ್ ಅವಳ ಫೋನಿಗೆ ಬರತೊಡಗಿತ್ತು. ಎರಡೇ ಭೇಟಿಯಲ್ಲಿ ಹೊಸ ನಗು, ಮೊದಲು ಹೇಗಿತ್ತು ಆಮೇಲೆ ಹೇಗಾಯ್ತು, ಹಿಂದೆ ಸಿನಿಮಾ ಹಾಡು. ಹೆಸರು ನಾನು ಇಲ್ಲಿ ಬರೆಯುವುದಿಲ್ಲ. ಇಂಥ ಜಾಗಗಳು ಈಗ ಒಂದೆರಡಲ್ಲ.

ಅಲ್ಲಿ ನಮ್ಮ ಜೊತೆ ಮೊದಲು ಮಾತಿಗೆ ಕೂತವರು ಡಾಕ್ಟರಲ್ಲ, ‘ಕೋಆರ್ಡಿನೇಟರ್’. ಇದನ್ನು ನೆನಪಿಟ್ಟುಕೊಳ್ಳಿ. ಯಾರೂ ಇನ್ನೂ ಬಾಯಿ ತೆರೆಸಿ ನೋಡಿಲ್ಲ, ಎಕ್ಸ್‌ರೇ ತೆಗೆದಿಲ್ಲ, ಅಷ್ಟರಲ್ಲೇ ಪ್ಯಾಕೇಜಿನ ಹಾಳೆ ಮೇಜಿನ ಮೇಲಿತ್ತು. ಎಂಟು ಹಲ್ಲಿಗೆ ಇಷ್ಟು, ಹತ್ತಕ್ಕೆ ಇಷ್ಟು, ಇವತ್ತೇ ಬುಕ್ ಮಾಡಿದರೆ ಇಷ್ಟು ಕಡಿಮೆ. ಇಎಂಐ ಮಾಡಿಕೊಡಲು ಫೋನ್ ಕೈಯಲ್ಲೇ ಹಿಡಿದಿದ್ದರು. ತಂಗಿ ಕೇಳಿದಳು, “ಹಲ್ಲು ತುಂಬ ತೇಯ್ತೀರಾ?” “ವೆನೀರ್ ಮೇಡಂ, ತೆಳುವಾದ ಒಂದು ಪದರ ಅಂಟಿಸ್ತೀವಿ ಅಷ್ಟೇ. ಸ್ವಲ್ಪ ರಫ್ ಮಾಡ್ಕೋತಾರೆ, ನೋವೇ ಇರಲ್ಲ” ಅಂದರು. ಡಾಕ್ಟರು ಆಮೇಲೆ ಬಂದು ಟಾರ್ಚ್ ಹಿಡಿದು ನೋಡಿ, ‘ಮಾಡಬಹುದು’ ಅಂದು ಹೋದರು.

ಚಿಕಿತ್ಸೆಯ ದಿನ ನಾನು ಹೊರಗೆ ಕೂತಿದ್ದೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ತುಟಿ ಜೋಮು ಹಿಡಿದ ಮೇಲೆ ಸಹಿಗೆ ಇಂಗ್ಲಿಷ್ ಹಾಳೆ ತಂದರಂತೆ. ಬಾಯಲ್ಲಿ ಹತ್ತಿ, ಮೇಲೆ ಲೈಟು, ಕೈಗೊಂದು ಪೆನ್ನು. ಓದಿ ನೋಡುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಮಷಿನ್ ಸದ್ದು ಬಹಳ ಹೊತ್ತು ಕೇಳುತ್ತಲೇ ಇತ್ತು. ನಡುವೆ ಅಳತೆ ತೆಗೆಯುವ ಮೊದಲು ಅಸಿಸ್ಟೆಂಟ್ ಆಚೆ ಹೋದಾಗ ಅವಳು ಫೋನಿನ ಕ್ಯಾಮೆರಾದಲ್ಲಿ ಬಾಯಿ ನೋಡಿಕೊಂಡು, ಒಂದು ಫೋಟೊ ತೆಗೆದು ನನಗೆ ಕಳಿಸಿದಳು. ಮುಂದಿನ ಹತ್ತು ಹಲ್ಲೂ ಸಣ್ಣ ಗೂಟಗಳಾಗಿದ್ದವು. ಎನಾಮಲ್ ಹೋಗಿ ಒಳಗಿನ ಡೆಂಟಿನ್ನಿನ ಹಳದಿ ಬಣ್ಣ ಕಾಣುತ್ತಿತ್ತು, ಎರಡು ಹಲ್ಲಿನ ನಡುವೆ ಕಡ್ಡಿ ತೂರುವಷ್ಟು ಸಂದು, ವಸಡಿನ ಅಂಚಲ್ಲಿ ರಕ್ತ. ಕೆಳಗೆ ಒಂದು ಸಾಲು: “ಅಕ್ಕ, ಇವ್ರು ಹಲ್ಲು ಪೂರ್ತಿ ತೇಯ್ದ್ಬಿಟ್ಟಿದ್ದಾರೆ ಕಣೆ.”

ನಾನು ಒಳಗೆ ಹೋಗಿ ಕೇಳಿದೆ. “ವೆನೀರ್ ಅಂದಿದ್ರಲ್ಲ ಸರ್?” “ಸ್ಟೇನ್ ಜಾಸ್ತಿ ಇದೆ ಮೇಡಂ, ಕ್ಯಾಪೇ ಸೇಫು. ಹದಿನೈದು ವರ್ಷ ವಾರಂಟಿ ಕಾರ್ಡ್ ಕೊಡ್ತೀವಿ” ಅಂದರು. ಆ ಹೊತ್ತಿಗೆ ಕೆಲಸ ಮುಗಿದಿತ್ತು.

ಎರಡಕ್ಕೂ ಇರುವ ವ್ಯತ್ಯಾಸ ಮಿಲಿಮೀಟರಿನದು, ಆದರೆ ಹಲ್ಲಿನ ಆಯುಸ್ಸೇ ಅದರ ಮೇಲೆ ನಿಂತಿದೆ. ಪಿಂಗಾಣಿ ವೆನೀರಿಗೆ ಹಲ್ಲಿನ ಮುಂಭಾಗದಿಂದ ಮಾತ್ರ, ಸಾಮಾನ್ಯವಾಗಿ 0.3ರಿಂದ 0.7 ಮಿಲಿಮೀಟರ್ ತೆಗೆಯುತ್ತಾರೆ. ಕೆಲಸ ಆದಷ್ಟೂ ಎನಾಮಲ್ ಒಳಗೇ ಮುಗಿಯಬೇಕು, ಅಂಟು ಚೆನ್ನಾಗಿ ಹಿಡಿಯುವುದು ಎನಾಮಲ್ಲಿಗೇ. ಕ್ಯಾಪಿಗೆ ಹಾಗಲ್ಲ. ಹಲ್ಲಿನ ಸುತ್ತಲೂ ಒಂದು, ಒಂದೂವರೆ ಮಿಲಿಮೀಟರ್, ತುದಿಯಿಂದ ಎರಡು ಮಿಲಿಮೀಟರಿನಷ್ಟು ಹೋಗುತ್ತದೆ. ವಸಡಿನಿಂದ ಆಚೆ ಕಾಣುವ ಹಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ಪುಡಿಯಾಗಿ ಸಕ್ಷನ್ ಪೈಪಿನಲ್ಲಿ ಹೋಗಿಬಿಡುತ್ತದೆ. ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಬೆಳೆಯುತ್ತದೆ. ಎನಾಮಲ್ ಬೆಳೆಯುವುದಿಲ್ಲ, ಏಕೆಂದರೆ ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಹೊರಗೆ ಬರುವ ಹೊತ್ತಿಗೇ ಇಲ್ಲವಾಗಿರುತ್ತವೆ. ಹಾಗಾಗಿ ‘ಬೇಡ ಅನಿಸಿದರೆ ಆಮೇಲೆ ತೆಗೆಸಿದರಾಯಿತು’ ಅನ್ನುವ ಮಾತೇ ಇಲ್ಲ.

ಖಾಯಂ ಕ್ಯಾಪ್ ಕೂರಿಸಿದ ದಿನ ಅವಳು ಕನ್ನಡಿ ನೋಡಿ ಸುಮ್ಮನಾದಳು. ಬಣ್ಣ ಬಿಎಲ್ 1, ಬ್ಲೀಚ್ ಶೇಡುಗಳಲ್ಲೇ ಅತಿ ಬಿಳಿ. ಕೆಳಸಾಲು ಕಂದು ಕಲೆಯದು, ಮೇಲ್ಸಾಲು ಕಾಗದದ ಬಿಳುಪು. ಶೇಡನ್ನು ಕಿಟಕಿ ಬೆಳಕಲ್ಲಿ ತೋರಿಸಿ ಒಪ್ಪಿಗೆ ಕೇಳಿರಲೇ ಇಲ್ಲ. ಬಣ್ಣವನ್ನಾದರೂ ಸಹಿಸಬಹುದು. ಮನೆಗೆ ಬಂದು ಫ್ಲಾಸ್ ಹಾಕಲು ಹೋದರೆ ದಾರ ಒಳಗೆ ಇಳಿಯಲಿಲ್ಲ. ಕ್ಯಾಪುಗಳನ್ನು ಎರಡೆರಡು, ಮೂರು ಮೂರು ಸೇರಿಸಿ ಒಂದೇ ತುಂಡಾಗಿ ಮಾಡಿಸಿದ್ದರು. ಬಿಡಿಬಿಡಿಯಾಗಿ ಕೂರಿಸುವುದಕ್ಕೆ ಹೆಚ್ಚು ಹೊತ್ತು, ಹೆಚ್ಚು ನಾಜೂಕು ಬೇಕು. ಸೇರಿಸಿಬಿಟ್ಟರೆ ಬೇಗ ಮುಗಿಯುತ್ತದೆ. ಆದರೆ ಸಂದಿನಲ್ಲಿ ಕೂತ ಅನ್ನದಗುಳು ತೆಗೆಯಲು ದಾರಿ ಇರುವುದಿಲ್ಲ. ಅಂಚುಗಳೂ ದಪ್ಪ, ವಸಡಿಗೆ ಒತ್ತುತ್ತಿದ್ದವು. ಸ್ವಲ್ಪ ಸಮಯದಲ್ಲೇ ವಸಡು ಕೆಂಪಾಗಿ ಊದಿ, ಬ್ರಷ್ ತಾಗಿದರೆ ರಕ್ತ ಬರತೊಡಗಿತು.

ಮದುವೆಯ ದಿನ ಅವಳು ತಣ್ಣೀರು ಕುಡಿಯಲಿಲ್ಲ. ಕುಡಿದರೆ ಜುಂ ಅಂತ ನೆತ್ತಿಗೆ ಹೊಡೆಯುತ್ತಿತ್ತು. ಆಮೇಲೆ ಒಂದು ಹಲ್ಲು ರಾತ್ರಿಯೆಲ್ಲ ಮಿಡಿಯಲು ಶುರುವಾಯಿತು. ಕ್ಲಿನಿಕ್ಕಿಗೆ ಫೋನ್ ಮಾಡಿದರೆ “ಸೆನ್ಸಿಟಿವಿಟಿ ನಾರ್ಮಲ್, ಪೇಸ್ಟ್ ಬದಲಾಯಿಸಿ” ಎನ್ನುವ ಉತ್ತರ. ಕೊನೆಗೆ ನಾವು ಸರ್ಕಾರಿ ದಂತ ಕಾಲೇಜಿನಲ್ಲಿ ಓದಿ ತುಮಕೂರಿನಲ್ಲಿ ಕ್ಲಿನಿಕ್ ಇಟ್ಟಿರುವ ಒಬ್ಬ ಹಿರಿಯ ಡಾಕ್ಟರ ಹತ್ತಿರ ಹೋದೆವು. ಎಕ್ಸ್‌ರೇ ತೆಗೆದು, ಬೇರಿನ ತುದಿಯಲ್ಲಿ ಕಪ್ಪು ನೆರಳು ತೋರಿಸಿದರು. ಅಷ್ಟು ಆಳಕ್ಕೆ ತೇಯುವಾಗ ಹುಟ್ಟುವ ಬಿಸಿ, ಡೆಂಟಿನ್ನಿನ ಸೂಕ್ಷ್ಮ ನಾಳಗಳು ತೆರೆದುಕೊಂಡದ್ದು ಎರಡೂ ಸೇರಿ ಒಳಗಿನ ನರ ಸತ್ತಿತ್ತು. ಹೊಸ ಕ್ಯಾಪಿಗೇ ತೂತು ಕೊರೆದು ರೂಟ್ ಕೆನಾಲ್. ಪಕ್ಕದ ಹಲ್ಲಿಗೂ ಆಮೇಲೆ ಅದೇ ಆಯಿತು.

ವಾರಂಟಿ ಕಾರ್ಡಿನ ಮಾತು. ಅದರ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ಓದಿದೆ. ವಾರಂಟಿ ಇರುವುದು ಜಿರ್ಕೋನಿಯಾ (ಪಿಂಗಾಣಿಯಂಥ ಗಟ್ಟಿ ವಸ್ತು) ಕ್ಯಾಪ್ ಒಡೆದರೆ ಹೊಸದು ಮಾಡಿಕೊಡಲು. ಕ್ಯಾಪಿನ ಕೆಳಗಿರುವ ಹಲ್ಲಿಗೆ, ನರಕ್ಕೆ, ವಸಡಿಗೆ ಅದರಲ್ಲಿ ಒಂದು ಅಕ್ಷರವೂ ಇಲ್ಲ. ರೂಟ್ ಕೆನಾಲಿಗಾಗಿ ಕ್ಯಾಪಿಗೆ ತೂತು ಹಾಕಿದ್ದರಿಂದ ಆ ವಾರಂಟಿಯೂ ಈಗ ಇಲ್ಲವಂತೆ.

ತುಮಕೂರಿನ ಡಾಕ್ಟರು ಅವಳ ಹಳೆಯ ಫೋಟೊಗಳನ್ನು ತುಂಬ ಹೊತ್ತು ನೋಡಿದರು. “ಇದಕ್ಕೆ ಕ್ಯಾಪ್ ಬೇಕಿರಲಿಲ್ಲಮ್ಮ” ಅಂದರು. ನನಗೆ ಅತಿ ಹೆಚ್ಚು ನೋವಾದದ್ದು ಆಗಲೇ. ಅವರು ಹೇಳಿದ್ದನ್ನು ನನ್ನಂತೆ ಫ್ಲೋರೈಡ್ ಕಲೆ ಇರುವ ಎಲ್ಲರಿಗಾಗಿ ಬರೆಯುತ್ತಿದ್ದೇನೆ. ಮೇಲ್ಪದರದ ಕಂದು ಕಲೆಗೆ ಮೈಕ್ರೊಅಬ್ರೇಶನ್ ಇದೆ. ವಸಡಿಗೆ ರಬ್ಬರ್ ಹಾಳೆಯ ರಕ್ಷಣೆ ಕೊಟ್ಟು, ಆಮ್ಲ ಮತ್ತು ಪ್ಯೂಮಿಸ್ ಪುಡಿಯ ಪೇಸ್ಟಿನಿಂದ ಎನಾಮಲ್ಲಿನ ಕೂದಲೆಳೆಯಷ್ಟು ಪದರವನ್ನು ಮಾತ್ರ ತೆಗೆಯುತ್ತಾರೆ. ಅದರ ಜೊತೆ ಬ್ಲೀಚಿಂಗ್. ಅಳತೆ ತೆಗೆದು ಮಾಡಿದ ಟ್ರೇಯಲ್ಲಿ ಕಡಿಮೆ ಸಾಮರ್ಥ್ಯದ ಜೆಲ್ ಹಾಕಿಕೊಂಡು ಮನೆಯಲ್ಲೇ ಮಾಡಿಕೊಳ್ಳುವಂಥದ್ದೂ ಉಂಟು. ಸುಣ್ಣದಂಥ ಬಿಳಿ ಮಚ್ಚೆಗಳಿಗೆ ರೆಸಿನ್ ಇನ್‌ಫಿಲ್ಟ್ರೇಶನ್: ಮಚ್ಚೆಯೊಳಕ್ಕೆ ನೀರಾದ ರೆಸಿನ್ ಇಳಿಸಿ ಗಟ್ಟಿ ಮಾಡುವುದು. ಇಷ್ಟಕ್ಕೂ ಹೋಗದ ಕಲೆ, ಗುಳಿ ಉಳಿದರೆ ಕಾಂಪೊಸಿಟ್ ಬಾಂಡಿಂಗ್: ಹಲ್ಲಿನ ಬಣ್ಣದ ವಸ್ತುವನ್ನು ಮೇಲೆ ಹಚ್ಚಿ ಲೈಟಿನಿಂದ ಗಟ್ಟಿ ಮಾಡುವುದು. ಇದಕ್ಕೆ ತೇಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕೆಲವು ವರ್ಷಕ್ಕೆ ಬಣ್ಣ ಮಾಸುತ್ತದೆ, ಚೂರು ಏಳುತ್ತದೆ, ಆದರೆ ಕೂತಲ್ಲೇ ರಿಪೇರಿ ಮಾಡಬಹುದು, ಒಳಗೆ ನಮ್ಮ ಹಲ್ಲು ಹಾಗೇ ಇರುತ್ತದೆ. ವೆನೀರ್ ಇವೆಲ್ಲದರ ನಂತರದ ಮಾತು. ಕ್ಯಾಪ್ ಇನ್ನೂ ಕೊನೆಗೆ.

ಕ್ಯಾಪೇ ಕೆಟ್ಟದ್ದು ಅಂತ ಯಾರೂ ತಿಳಿಯಬೇಡಿ. ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ, ಬಿದ್ದು ಅರ್ಧ ಮುರಿದ ಹಲ್ಲಿಗೆ, ಹುಳುಕು ತಿಂದು ಗೋಡೆ ಮಾತ್ರ ಉಳಿದ ಹಲ್ಲಿಗೆ ಕ್ಯಾಪ್ ಬೇಕೇ ಬೇಕು. ನಮ್ಮ ಅಮ್ಮನ ದವಡೆ ಹಲ್ಲು ಉಳಿದಿರುವುದೇ ಅದರಿಂದ. ಗಟ್ಟಿ ಹಲ್ಲನ್ನು ಬಣ್ಣಕ್ಕೋಸ್ಕರ ತೇಯುವುದು ಬೇರೆ ವಿಷಯ. ನನ್ನ ತಂಗಿಗೆ ಇನ್ನೂ 26. ಕ್ಯಾಪುಗಳು ಹತ್ತು ಹದಿನೈದು ವರ್ಷಕ್ಕೊಮ್ಮೆ ಬದಲಾಯಿಸಬೇಕಾಗಿ ಬರುತ್ತವೆ. ಪ್ರತಿ ಸಲವೂ ಇನ್ನಷ್ಟು ಹಲ್ಲು ಹೋಗುತ್ತದೆ. ಅವಳು ಐವತ್ತು ದಾಟುವ ಹೊತ್ತಿಗೆ ಎಷ್ಟು ಉಳಿದಿರುತ್ತದೋ ಎಂದು ಯೋಚಿಸಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನೀವು ಹೋಗುವುದಾದರೆ ಡಾಕ್ಟರ ಜೊತೆಯೇ ಮಾತಾಡಿ. ದುಡ್ಡಿನ ಮಾತು ಆಡುವವರ ಬಾಯಲ್ಲಿ ಚಿಕಿತ್ಸೆಯ ವಿವರ ಕೇಳಬೇಡಿ. ಯಾವ ಹಲ್ಲಿಗೆ ಏನು, ವೆನೀರೋ ಕ್ಯಾಪೋ, ಎಷ್ಟು ತೇಯುತ್ತಾರೆ, ಯಾವ ವಸ್ತು, ಬಿಡಿಯೋ ಜೋಡಿಸಿದ್ದೋ, ಇದಿಷ್ಟೂ ಹಾಳೆ ಮೇಲೆ ಬರೆಸಿಕೊಳ್ಳಿ. ತೇಯುವ ಮೊದಲೇ ಹಲ್ಲಿನ ಮೇಲೆ ತಾತ್ಕಾಲಿಕ ವಸ್ತುವಿನಿಂದ ಹೊಸ ಆಕಾರ ಮೂಡಿಸಿ ತೋರಿಸುವ ‘ಮಾಕ್‌ಅಪ್’ ಎನ್ನುವ ಪದ್ಧತಿ ಇದೆ. ಅದನ್ನು ಕೇಳಿ. ಹಾಕಿಕೊಂಡು ಮಾತಾಡಿ ನೋಡಿ, ಬಿಸಿಲಲ್ಲಿ ಫೋಟೊ ತೆಗೆದು ನೋಡಿ. ‘ಇವತ್ತೇ ಆಫರ್ ಕೊನೆ’ ಅಂದರೆ ಎದ್ದು ಬನ್ನಿ. ಇಂಥ ಕೆಲಸದಲ್ಲಿ ಎಂಡಿಎಸ್ (ದಂತವೈದ್ಯದ ಸ್ನಾತಕೋತ್ತರ ಪದವಿ) ಮಾಡಿದವರು ಪ್ರಾಸ್ತೊಡಾಂಟಿಸ್ಟ್ (ಕ್ಯಾಪ್, ಕೃತಕ ಹಲ್ಲಿನ ತಜ್ಞರು) ಅಥವಾ ಕನ್ಸರ್ವೇಟಿವ್ ಡೆಂಟಿಸ್ಟ್ರಿಯವರು (ಇರುವ ಹಲ್ಲನ್ನು ಉಳಿಸಿ ಸರಿಪಡಿಸುವವರು). ಬಿಡಿಎಸ್ (ದಂತವೈದ್ಯದ ಮೊದಲ ಪದವಿ) ಮಾಡಿ ಚೆನ್ನಾಗಿ ಕೆಲಸ ಮಾಡುವವರೂ ಬೇಕಾದಷ್ಟು ಜನ ಇದ್ದಾರೆ. ಯಾರೇ ಆಗಲಿ, ಡೆಂಟಲ್ ಕೌನ್ಸಿಲ್ಲಿನ ನೋಂದಣಿ ಸಂಖ್ಯೆ ಇರಬೇಕು. ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯ ನೋಂದಣಿ ಪತ್ರ ಮತ್ತು ದರಪಟ್ಟಿ ಗೋಡೆ ಮೇಲೆ ಇದೆಯಾ ಎಂದು ಕಣ್ಣಾಡಿಸಿ.

ಬ್ಯೂಟಿ ಪಾರ್ಲರಿನಲ್ಲಿ ಹಲ್ಲು ಬಿಳಿ ಮಾಡಿಸಿಕೊಳ್ಳುವುದಂತೂ ಬೇಡವೇ ಬೇಡ. ಪೆರಾಕ್ಸೈಡ್ ತಾಗಿದರೆ ವಸಡು ಸುಡುತ್ತದೆ. ನಿಂಬೆಹಣ್ಣು, ಉಪ್ಪು ಹಾಕಿ ಉಜ್ಜುವ ವಿಡಿಯೊಗಳೂ ಅಷ್ಟೇ, ಎನಾಮಲ್ ಕರಗುತ್ತದೆ.

ಈಗಾಗಲೇ ಮೋಸ ಹೋಗಿದ್ದರೆ ಎಲ್ಲ ಕಾಗದ ಒಟ್ಟು ಮಾಡಿ: ಬಿಲ್ಲು, ವಾಟ್ಸ್ಯಾಪ್ ಮೆಸೇಜು, ಎಕ್ಸ್‌ರೇ, ಹಳೆಯ ಫೋಟೊ, ಇನ್ನೊಬ್ಬ ಡಾಕ್ಟರ ಬರಹದ ಅಭಿಪ್ರಾಯ. ವೃತ್ತಿಯ ತಪ್ಪಿಗೆ ಕರ್ನಾಟಕ ರಾಜ್ಯ ದಂತ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ದುಡ್ಡು, ಪರಿಹಾರಕ್ಕೆ ಜಿಲ್ಲಾ ಗ್ರಾಹಕರ ಆಯೋಗ. ವೈದ್ಯರ ಸೇವೆಯೂ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರೇ ಬೇಕು ಅಂತಲೂ ಇಲ್ಲ. ದಾರಿ ಗೊತ್ತಾಗದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ನಮಗೆ ಆ ಕ್ಲಿನಿಕ್ಕಿನವರು ಅರ್ಧ ದುಡ್ಡು ವಾಪಸ್ ಕೊಡುತ್ತೇವೆ ಅಂದರು. ಮುಂದೆ ಎಲ್ಲಿಯೂ ದೂರು ಕೊಡುವುದಿಲ್ಲ, ಏನನ್ನೂ ಬರೆಯುವುದಿಲ್ಲ ಅಂತ ಸಹಿ ಹಾಕಿಕೊಡಬೇಕಿತ್ತು. ತಂಗಿ ಹಾಕಲಿಲ್ಲ, ಆಯೋಗಕ್ಕೆ ದೂರು ಕೊಟ್ಟಿದ್ದಾಳೆ. ದೂರು ಸಲ್ಲಿಸಲು ಎರಡೇ ವರ್ಷ ಕಾಲಾವಕಾಶ. ‘ಸರಿಹೋಗುತ್ತೆ, ಇನ್ನೊಂದು ಸಲ ಬನ್ನಿ’ ಅಂತ ಅವರು ಅಲೆಸುತ್ತಿದ್ದರೂ ನಿಮ್ಮ ದಿನಗಳು ಓಡುತ್ತಲೇ ಇರುತ್ತವೆ.