ಎಸ್‌ಡಿ ಕಾರ್ಡ್‌ಗೆ ಎಷ್ಟು ಹೊತ್ತು ಕಾಯಬೇಕು? ಬೂಟ್‌ಲೋಡರ್‌ನಲ್ಲಿ ಹಾಕಿ ನೋಡಿದ ಟೈಮ್‌ಔಟ್‌ಗಳ ಹೋಲಿಕೆ

ಬೆಂಗಳೂರಿನ ಎಸ್‌ಪಿ ರೋಡ್‌ನ ಯಾವ ಅಂಗಡಿಗೆ ಹೋದರೂ 'ಕ್ಲಾಸ್ 10' ಅಂತ ಬರೆದ ಮೆಮೊರಿ ಕಾರ್ಡ್ ಬೇಕಾದಷ್ಟು ಸಿಗುತ್ತವೆ. ಆ ಗುರುತಿನ ಅರ್ಥ ಇಷ್ಟೇ: ಸಾಲಾಗಿ ಬರೆಯುವಾಗ ಸೆಕೆಂಡಿಗೆ ಕನಿಷ್ಠ 10 ಎಂಬಿ. ಒಂದು ಬ್ಲಾಕ್ (512 ಬೈಟ್‌ನ ತುಂಡು) ಬರೆದ ಮೇಲೆ ಕಾರ್ಡ್ 'ಬಿಜಿ' ಅಂತ ಎಷ್ಟು ಹೊತ್ತು ಕೂರುತ್ತದೆ ಅನ್ನುವುದು ಅದರಲ್ಲಿ ಇಲ್ಲ. ಬೂಟ್‌ಲೋಡರ್‌ಗೆ (ಬೋರ್ಡ್ ಆನ್ ಆದಾಗ ಕಾರ್ಡ್‌ನಿಂದ ಕರ್ನಲ್ ಎತ್ತಿಕೊಳ್ಳುವ ಪ್ರೋಗ್ರಾಂ) ಡ್ರೈವರ್ ಬರೆಯುವವರಿಗೆ ಬೇಕಾಗಿರುವುದು ಮಾತ್ರ ಅದೇ: ಎಷ್ಟು ಹೊತ್ತು ಕಾದು ಕೈಬಿಡಬೇಕು ಅನ್ನುವ ಟೈಮ್‌ಔಟ್ ನಿಂತಿರುವುದು ಅದರ ಮೇಲೆ.

ಎಸ್‌ಡಿ ಸ್ಟ್ಯಾಂಡರ್ಡ್ ಪ್ರಕಾರ ಎಸ್‌ಡಿಎಚ್‌ಸಿ (32 ಜಿಬಿವರೆಗಿನ) ಕಾರ್ಡ್‌ಗೆ ಓದಲು 100 ಮಿಲಿಸೆಕೆಂಡ್, ಬರೆಯಲು 250. ಅದಕ್ಕಿಂತ ದೊಡ್ಡ ಎಸ್‌ಡಿಎಕ್ಸ್‌ಸಿಗೆ ಬರೆಯಲು 500. ಕೆಲವು ಕಾರ್ಡ್‌ಗಳಿಗೆ 250 ಸಾಲುವುದಿಲ್ಲ ಅಂತ ಲಿನಕ್ಸ್ ಕರ್ನಲ್‌ನವರು ಬರೆಯುವುದಕ್ಕೆ 3 ಸೆಕೆಂಡ್ ಬಿಟ್ಟಿದ್ದಾರೆ. ಇವೆಲ್ಲ ಒಂದೊಂದು ಬ್ಲಾಕ್‌ನ ಲೆಕ್ಕ, ಇಡೀ ಫೈಲ್‌ನದ್ದಲ್ಲ. ಹಾಗಾದರೆ 65535 ಬ್ಲಾಕ್‌ನ ಒಂದು ಕಮಾಂಡ್‌ಗೆ ಎಷ್ಟು ಕೊಡಬೇಕು? ಬ್ಲಾಕ್‌ಗೆ 250 ಅಂತ ಗುಣಿಸಿದರೆ ನಾಲ್ಕೂವರೆ ಗಂಟೆ ಬರುತ್ತದೆ. ಯಾರು ಕಾಯುತ್ತಾರೆ, ಅಲ್ವಾ?

ಈ ಮಿತಿ ಇಡಲು ನಾಲ್ಕು ದಾರಿ ನೋಡಿದೆ. ಮೊದಲನೆಯದು ಲೂಪ್ ಎಣಿಸುವುದು. ರಿಜಿಸ್ಟರ್ ಓದು, ಎಣಿಕೆ ಇಳಿಸು, ಸೊನ್ನೆಯಾದರೆ ಎರರ್. ಇದನ್ನು ಬಿಟ್ಟುಬಿಡಿ. ಸಿಪಿಯು ಕ್ಲಾಕ್ ಬದಲಾದರೆ, ಕ್ಯಾಶ್ ಆನ್ ಆದರೆ, ಅದೇ ಎಣಿಕೆ ಬೇರೆ ಹೊತ್ತಾಗುತ್ತದೆ. ಜೊತೆಗೆ ಯು-ಬೂಟ್ ಅನ್ನುವ ಬೂಟ್‌ಲೋಡರ್‌ನಲ್ಲಿ ವಾಚ್‌ಡಾಗ್‌ಗೆ (ಸುದ್ದಿ ಬರದಿದ್ದರೆ ಬೋರ್ಡನ್ನು ರೀಸೆಟ್ ಮಾಡುವ ಟೈಮರ್) 'ಬದುಕಿದ್ದೇನೆ' ಅಂತ ಹೇಳುವುದು ಯುಡಿಲೇ ಅನ್ನುವ ಕಾಯುವ ಫಂಕ್ಷನ್ ಒಳಗಿನಿಂದ. ಬರೀ ಲೂಪ್‌ನಲ್ಲಿ ಆ ಕರೆಯೇ ಇರುವುದಿಲ್ಲ. ಕಾರ್ಡ್ ನಿಧಾನವಾದರೆ ಬೋರ್ಡ್ ಸುಮ್ನೆ ರೀಸೆಟ್ ಆಗುತ್ತದೆ, ಕನ್ಸೋಲ್‌ನಲ್ಲಿ ಒಂದು ಸಾಲೂ ಬರುವುದಿಲ್ಲ.

ಎರಡನೆಯದು ದೊಡ್ಡದೊಂದು ಅಂಕಿ ಹಾಕಿ ನಿಶ್ಚಿಂತೆಯಾಗಿರುವುದು. ಯು-ಬೂಟ್‌ನ ಡಿಸೈನ್‌ವೇರ್ ಕಂಟ್ರೋಲರ್ (ಕಾರ್ಡ್ ಜೊತೆ ಮಾತಾಡುವ ಹಾರ್ಡ್‌ವೇರ್) ಡ್ರೈವರ್‌ನಲ್ಲಿ ಒಂದು ಕಾಲಕ್ಕೆ 240000 ಮಿಲಿಸೆಕೆಂಡ್ ಇತ್ತು, ಅಂದರೆ 4 ನಿಮಿಷ. ನಿಧಾನದ ಕಾರ್ಡ್‌ಗಳೆಲ್ಲ ಇದರಲ್ಲಿ ಪಾಸಾದವು, ಸುಳ್ಳು ಹೇಳುವುದಿಲ್ಲ. ತೊಂದರೆ ಶುರುವಾಗುವುದು ಡಿಎಂಎ (ಸಿಪಿಯು ಇಲ್ಲದೆ ಹಾರ್ಡ್‌ವೇರೇ ಡೇಟಾ ಸಾಗಿಸುವುದು) ಸಿಕ್ಕಿಹಾಕಿಕೊಂಡು, ಮುಗಿಯಿತು ಅಂತ ಹೇಳುವ ಯಾವ ಇಂಟರಪ್ಟೂ ಬರದಿದ್ದಾಗ. ನಾಲ್ಕು ನಿಮಿಷ ಕನ್ಸೋಲ್ ಮೂಕ. ಎರಡನೇ ಸ್ಲಾಟ್‌ನಲ್ಲೋ ನೆಟ್‌ವರ್ಕ್‌ನಲ್ಲೋ ಇರುವ ಬ್ಯಾಕಪ್ ಇಮೇಜ್‌ನ ಸರದಿಯೇ ಬರುವುದಿಲ್ಲ. ಪೀಣ್ಯದ ಯಾವುದೋ ಶೆಡ್‌ನಲ್ಲಿ ಮೆಷಿನ್ ಮುಂದೆ ನಿಂತವರು ಅಷ್ಟು ಹೊತ್ತು ಕಾಯುತ್ತಾರಾ? ಪವರ್ ತೆಗೆದು ಮತ್ತೆ ಹಾಕುತ್ತಾರೆ. ಅಲ್ಲಿಗೆ ಮತ್ತೆ ಮೊದಲಿನಿಂದ.

ಮೂರನೆಯದು ಗಾತ್ರ ನೋಡಿ ಲೆಕ್ಕ ಹಾಕುವುದು. ಅದೇ ಡ್ರೈವರ್‌ಗೆ ಆಮೇಲೆ ಬಂದದ್ದು ಇದು: ಬಿಟ್‌ಗಳ ಸಂಖ್ಯೆಯನ್ನು ಕ್ಲಾಕ್‌ನಿಂದ, ಬಸ್ ಅಗಲದಿಂದ (ಡೇಟಾ ಹೋಗುವ ಲೈನ್‌ಗಳು ಎಷ್ಟು ಅನ್ನುವುದು) ಭಾಗಿಸಿ, ಹತ್ತು ಪಟ್ಟು ಮಾಡಿ, 1 ಸೆಕೆಂಡ್‌ಗಿಂತ ಕಡಿಮೆ ಬಂದರೆ 1 ಸೆಕೆಂಡ್ ಅಂತ ಇಟ್ಟುಕೊಳ್ಳುವುದು. ನೋಡಲು ತುಂಬಾ ನ್ಯಾಯವಾಗಿದೆ. 25 ಮೆಗಾಹರ್ಟ್ಸ್, ನಾಲ್ಕು ಲೈನ್ ಇದ್ದರೆ 65535 ಬ್ಲಾಕ್‌ಗೆ ಬಸ್ ಮೇಲೆ 2.7 ಸೆಕೆಂಡ್ ಸಾಕು. ಹತ್ತು ಪಟ್ಟು ಅಂದರೆ 27. ಚೆನ್ನಾಗಿದೆ. ಅದೇ ಬೋರ್ಡನ್ನು 400 ಕಿಲೋಹರ್ಟ್ಸ್, ಒಂದೇ ಲೈನ್‌ಗೆ ಇಳಿಸಿ ನೋಡಿ. 671 ಸೆಕೆಂಡ್, ಹತ್ತು ಪಟ್ಟು ಮಾಡಿದರೆ ಎರಡು ಗಂಟೆಗೆ ಹತ್ತಿರ! ಆ 4 ನಿಮಿಷವೇ ವಾಸಿ ಅನ್ನಿಸುತ್ತದೆ.

ಚಿಕ್ಕ ಕಡೆಯಲ್ಲೂ ಈ ಲೆಕ್ಕ ಕೈಕೊಡುತ್ತದೆ. ಒಂದೇ ಬ್ಲಾಕ್, ಅಂದರೆ 512 ಬೈಟ್‌ಗೆ 25 ಮೆಗಾಹರ್ಟ್ಸ್, ನಾಲ್ಕು ಲೈನ್‌ನಲ್ಲಿ ಬೇಕಾದದ್ದು 41 ಮೈಕ್ರೋಸೆಕೆಂಡ್. ಹತ್ತು ಪಟ್ಟು ಮಾಡಿದರೂ ಅರ್ಧ ಮಿಲಿಸೆಕೆಂಡ್ ಇಲ್ಲ, ಕಾರ್ಡ್‌ಗೆ 100 ತೆಗೆದುಕೊಳ್ಳುವ ಹಕ್ಕಿದೆ. ಅಂದರೆ ಇಲ್ಲಿ ಕಾಪಾಡುತ್ತಿರುವುದು ಸೂತ್ರ ಅಲ್ಲ, ಆ 1 ಸೆಕೆಂಡ್. ಬಸ್‌ನ ಹೊತ್ತು ಬೇರೆ, ಕಾರ್ಡ್ ಯೋಚಿಸುವ ಹೊತ್ತು ಬೇರೆ. ಎರಡನ್ನೂ ಕೂಡಿಸಬೇಕೇ ಹೊರತು ಒಂದನ್ನು ಹತ್ತರಿಂದ ಗುಣಿಸಿ ಎರಡಕ್ಕೂ ಸಾಕು ಅನ್ನಬಾರದು. ಇನ್ನೊಂದು ಮಾತು: ಗುಣಾಕಾರವನ್ನೆಲ್ಲ (ಬಿಟ್‌ಗೆ 8, ಮಿಲಿಸೆಕೆಂಡ್‌ಗೆ 1000, ಮೇಲೆ ಹತ್ತು ಪಟ್ಟು) 32 ಬಿಟ್‌ನಲ್ಲಿ ಮೊದಲೇ ಮಾಡಿಬಿಟ್ಟರೆ 53687 ಬೈಟ್ ದಾಟುತ್ತಿದ್ದಂತೆ ಅಂಕಿ ಸುತ್ತಿಕೊಂಡು ಚಿಕ್ಕದಾಗುತ್ತದೆ. ಚಿಕ್ಕ ಫೈಲ್ ಬರುತ್ತದೆ, ದೊಡ್ಡದಾದ ಕರ್ನಲ್ ಬರುವುದಿಲ್ಲ. 64 ಬಿಟ್ ಬಳಸಿ.

ನಾಲ್ಕನೆಯದು, ನನಗೆ ಹಿಡಿಸಿದ್ದು: ಒಟ್ಟು ಹೊತ್ತು ನೋಡದೆ, ಡೇಟಾ ಮುಂದೆ ಹೋಗುತ್ತಿದೆಯಾ ಅಂತ ಮಾತ್ರ ನೋಡುವುದು. ಸಂಜೆ ಸಿಲ್ಕ್ ಬೋರ್ಡ್‌ನಲ್ಲಿ ಬಸ್ಸು ತೆವಳುತ್ತಿದ್ದರೆ ಕೂತಿರುತ್ತೇವೆ, ಇಂಜಿನ್ ಆಫ್ ಆದರೆ ತಾನೇ ಇಳಿಯುವುದು? ಫಿಫೋದಿಂದ (ಕಂಟ್ರೋಲರ್‌ನ ಚಿಕ್ಕ ಬಫರ್) ಸಿಪಿಯು ತಾನೇ ಓದುವ ಡ್ರೈವರ್‌ನಲ್ಲಿ ಇದು ಬಹಳ ಸುಲಭ. ಬೈಟ್ ಬಂದಾಗಲೆಲ್ಲ ಟೈಮರ್ ಹೊಸದಾಗಿ ಶುರು, 3 ಸೆಕೆಂಡ್ ಏನೂ ಬರದಿದ್ದರೆ ಎರರ್. 400 ಕಿಲೋಹರ್ಟ್ಸ್‌ನಲ್ಲೂ ಅದೇ 3 ಸೆಕೆಂಡ್ ಸಾಕಾಯಿತು, ಕೆಟ್ಟ ಕಾರ್ಡ್ ಅಷ್ಟರಲ್ಲೇ ಸಿಕ್ಕಿಬಿತ್ತು.

ಡಿಎಂಎ ಇದ್ದರೆ ಇಷ್ಟು ಸಲೀಸಲ್ಲ. ಎಸ್‌ಡಿಎಚ್‌ಸಿಐ (ಎಸ್‌ಡಿ ಕಂಟ್ರೋಲರ್‌ಗಳ ಸ್ಟ್ಯಾಂಡರ್ಡ್) ಕಂಟ್ರೋಲರ್‌ನ ಸರಳ ಡಿಎಂಎಯಲ್ಲಿ ಯು-ಬೂಟ್ 512 ಕೆಬಿಗೊಮ್ಮೆ ನಿಲ್ಲುತ್ತದೆ, ಅಲ್ಲಿ ಟೈಮರ್ ತಿರುಗಿಸಬಹುದು. ಆದರೆ 400 ಕಿಲೋಹರ್ಟ್ಸ್‌ನಲ್ಲಿ ಒಂದು ನಿಲ್ದಾಣಕ್ಕೇ 10.5 ಸೆಕೆಂಡ್ ಬೇಕು, 3 ಸಾಲದು. ಹಾಗಾಗಿ ಮೂರನೆಯ ಲೆಕ್ಕವನ್ನೇ ಇಲ್ಲಿಗೆ ತಂದೆ: 512 ಕೆಬಿಯ ಬಸ್ ಹೊತ್ತಿನ ಎರಡರಷ್ಟು, ಮೇಲೆ 3 ಸೆಕೆಂಡ್. ಎಡಿಎಂಎಯಲ್ಲಿ (ವಿಳಾಸಗಳ ಪಟ್ಟಿ ಕೊಟ್ಟರೆ ತಾನೇ ಪೂರ್ತಿ ಸಾಗಿಸುವ ಡಿಎಂಎ) ಮಧ್ಯೆ ಇಣುಕಲು ಇಂಥ ನಿಲ್ದಾಣ ಇಲ್ಲ. ಅಲ್ಲಿ ಒಂದು ಕಮಾಂಡ್‌ನ ಬ್ಲಾಕ್ ಮಿತಿಯನ್ನೇ ಇಳಿಸಿ, ಚಿಕ್ಕ ಚಿಕ್ಕ ತುಂಡು ಮಾಡಿದೆ. ಕಮಾಂಡ್ ಜಾಸ್ತಿ ಆಗುತ್ತದೆ, ಸ್ವಲ್ಪ ವೇಗ ಹೋಗುತ್ತದೆ. ಪರವಾಗಿಲ್ಲ. ಒಟ್ಟಾರೆ ಮಿತಿಯೊಂದನ್ನೂ ಇಡಲೇಬೇಕು, ಇಲ್ಲದಿದ್ದರೆ ತೊಟ್ಟಿಕ್ಕುವ ಕಾರ್ಡ್ ಬೋರ್ಡನ್ನು ಎಷ್ಟು ಹೊತ್ತಾದರೂ ಹಿಡಿದಿಡುತ್ತದೆ.

ಸಾಫ್ಟ್‌ವೇರ್‌ನಲ್ಲಿ ಏನೇ ಹಾಕಿ, ಕಂಟ್ರೋಲರ್‌ನ ಒಳಗೂ ಒಂದು ಡೇಟಾ ಟೈಮ್‌ಔಟ್ ಕೌಂಟರ್ ಇದೆ. ಎಸ್‌ಡಿಎಚ್‌ಸಿಐನಲ್ಲಿ ಅದರ ಗರಿಷ್ಠ 2ರ 27ನೇ ಘಾತದಷ್ಟು ಕ್ಲಾಕ್. 50 ಮೆಗಾಹರ್ಟ್ಸ್ ಟೈಮ್‌ಔಟ್ ಕ್ಲಾಕ್ ಇದ್ದರೆ 2.7 ಸೆಕೆಂಡ್, 200 ಇದ್ದರೆ 0.67 ಮಾತ್ರ. ಹಾರ್ಡ್‌ವೇರ್ ಮೊದಲೇ ಕೈ ಎತ್ತಿದರೆ ನಿಮ್ಮ 3 ಸೆಕೆಂಡ್‌ಗೆ ಬೆಲೆಯೇ ಇಲ್ಲ. ಅದಕ್ಕೇ ಎರರ್ ಬಂದಾಗ ಅದು ಕಂಟ್ರೋಲರ್‌ನದ್ದೋ ನನ್ನ ಟೈಮರ್‌ನದ್ದೋ, ಅಷ್ಟರಲ್ಲಿ ಎಷ್ಟು ಬೈಟ್ ದಾಟಿತ್ತು ಅನ್ನುವುದನ್ನು ಒಂದೇ ಸಾಲಿನಲ್ಲಿ ಪ್ರಿಂಟ್ ಮಾಡಿಸುತ್ತೇನೆ.